ಬ್ರೈಟನ್ನಿನಲ್ಲಿ ಒಂದು ಊಟ

ಇಂಗ್ಲೆಂಡಿನ ದಕ್ಷಿಣ ಕಡಲತಡಿಯ ಬ್ರೈಟನ್ ಪಟ್ಟಣಕ್ಕೆ ಹೋದಾಗ ಶಾಕಾಹಾರಿಗಳಾದ ನಮಗೆ ಊಟದ್ದೇ ಚಿಂತೆ. ಉರುಟುಗಲ್ಲುಗಳ ದಂಡೆಯ ಹಿಂದಿನ ಓಣಿಯಲ್ಲಿ ಭಾರತೀಯ ಊಟದ ಹೋಟೆಲೊಂದು ಕಂಡಿತು. ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಆ ದೇಶದಲ್ಲಿ ಇಂತಹ ಹೋಟೆಲುಗಳು ಬಹಳಷ್ಟು ಅವರವೇ. ಮಾಂಸ ಬೇಯುವ ಅಡುಗೆಮನೆಯಲ್ಲಿ ನಮಗೆಂದು ಬೇರೆ ಪಾತ್ರೆ ಇಡಲಾದೀತೇ ಎಂದು ಸಂಕೋಚದಿಂದಲೇ ಕೇಳಿದೆವು. ಬಡಿಸುವ ಹಿರಿಯರು ಮುಖ ಸಿಂಡರಿಸಲಿಲ್ಲ. ಬೇರೆ ಬಾಣಲೆಯಲ್ಲಿಯೇ ಬೇಳೆಯನ್ನೂ ಬದನೆಕಾಯಿ ಪಲ್ಯವನ್ನೂ ಮಾಡಿಸಿ ತಂದರು. ಪಲ್ಯ ತುಸು ಸಿಹಿ. ಜೋಳದ ರೊಟ್ಟಿಯ ಆಸೆಯಂತೂ ಅಲ್ಲಿ ಸಲ್ಲದು.

ನಮ್ಮ ಕೋರಿಕೆ ಆ ಊರಿಗೆ ಹೊಸದೇನಲ್ಲ. ಅಲ್ಲಿನ ಗುಮ್ಮಟಗಳ ಹಳೆಯ ಅರಮನೆ ರಾಯಲ್ ಪೆವಿಲಿಯನ್, 1914ರ ಕೊನೆಯಿಂದ 1916ರ ಆರಂಭದವರೆಗೆ ಗಾಯಗೊಂಡ ಭಾರತೀಯ ಯೋಧರ ಆಸ್ಪತ್ರೆಯಾಗಿತ್ತು. ಅವರವರ ಆಚಾರಕ್ಕೆ ತಕ್ಕಂತೆ ಆಗ 9 ಅಡುಗೆಮನೆಗಳನ್ನು ತೆರೆದಿದ್ದರು. ಹಿಂದೂಗಳಿಗೂ ಮುಸಲ್ಮಾನರಿಗೂ ನೀರಿನ ನಲ್ಲಿಗಳು ಸಹ ಬೇರೆಬೇರೆ.