ಬಂದೂಕು ಆರಿಸಲು ಹೋದದ್ದು

ಸೀರೆ ಆರಿಸುವುದರಲ್ಲಿ ನಮ್ಮ ಬಳಗದಲ್ಲಿ ನನಗೆ ಒಳ್ಳೆಯ ಹೆಸರಿದೆ. ಇಳಕಲ್ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಅದು ರೇಷ್ಮೆಯೋ ಬರಿಯ ಮಿನುಗೋ ಎಂದು ಹೇಳಬಲ್ಲೆ. ಪಾತ್ರೆ, ಪಡಸಾಲೆಯ ಕುರ್ಚಿ, ಒಮ್ಮೆ ಒಬ್ಬ ವರನನ್ನೂ ಆರಿಸಿಕೊಟ್ಟಿದ್ದೇನೆ. ಆದರೆ ಎರಡು ವರ್ಷದ ಹಿಂದೆ ದಸರಾ ರಜೆಗೆಂದು ತವರುಮನೆ ಇಜೇರಿಗೆ ಹೋದಾಗ ವೈನಿ ನನ್ನ ಮುಂದಿಟ್ಟ ಕೆಲಸ ಕೇಳಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ.

‘ತಂಗೆವ್ವಾ, ಒಂದು ಬಂದೂಕ ತೊಗೋಬೇಕಂತ ಮಾಡೀನಿ. ಸಸ್ತಾದಾಗ ಛಲೋದು ನೋಡಿ ಆರಿಸಿಕೊಡು.’

ಅಣ್ಣ ತೀರಿಕೊಂಡ ಮೇಲೆ ಆರು ಎಕರೆ ಹೊಲ ವೈನಿಯ ತಲೆಯ ಮೇಲೆ ಬಿದ್ದಿತ್ತು. ನಾಲ್ಕು ಎಕರೆ ತೊಗರಿ, ಎರಡು ಎಕರೆ ಶೇಂಗಾ. ಕಾಡುಹಂದಿಗಳು ಒಂದು ರಾತ್ರಿ ನುಗ್ಗಿದರೆ ಶೇಂಗಾದ ಹೊಲ ಬೆಳಗಾಗುವಷ್ಟರಲ್ಲಿ ನೇಗಿಲು ಹೊಡೆದಂತೆ ಕಾಣುತ್ತಿತ್ತು. ಡಬ್ಬಿ ಬಡಿದದ್ದಾಯಿತು, ಪಟಾಕಿ ಹಾರಿಸಿದ್ದಾಯಿತು, ಕವಣೆ ಬೀಸಿದ್ದಾಯಿತು. ವೈನಿಯ ತವರಿನಲ್ಲಿ ಹಿಂದೆ ಬಾಯಿಂದ ಮದ್ದು ತುಂಬುವ ಬಂದೂಕೊಂದಿತ್ತಂತೆ. ಅದರ ಒಂದು ಸಪ್ಪಳಕ್ಕೆ ಎಂಟು ದಿನ ಹಂದಿಗಳ ಸುಳಿವೇ ಇರುತ್ತಿರಲಿಲ್ಲವಂತೆ. ಅಂಥದಕ್ಕಾಗಿ ಎರಡು ಆಡು ಮಾರಿ ರೊಕ್ಕ ಗಂಟು ಕಟ್ಟಿಟ್ಟಿದ್ದರು.

ಬಾಗಿಲ ಬಳಿ ಸೋದರಳಿಯ ಕುಳಿತಿದ್ದ. ಇಪ್ಪತ್ನಾಲ್ಕರ ಹುಡುಗ. ನಾನು ಬಂದಾಗಿನಿಂದ ನಾಲ್ಕು ಮಾತು ಆಡಿರಲಿಲ್ಲ. ಬಂದೂಕಿನ ಮಾತು ಬಂದಾಗ ಮಾತ್ರ ಒಮ್ಮೆ ತಲೆಯೆತ್ತಿ ನೋಡಿದ. ಗಂಡುಹುಡುಗರಿಗೆ ಬಂದೂಕೆಂದರೆ ಆಸೆ ಇರುವುದೇ ಎಂದುಕೊಂಡೆ.

ನಾನು ಮಾಸ್ತರಿಕೆಯವಳು, ಓದದೆ ಒಂದು ಹೆಜ್ಜೆ ಇಡುವುದಿಲ್ಲ. ಹತ್ತನೆಯ ತರಗತಿಗೆ ಹಲಗಲಿ ಬೇಡರ ಲಾವಣಿಯನ್ನು ಪಾಠ ಮಾಡಿದವಳು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಇಂಗ್ಲಿಷರ ಕಾನೂನಿಗೆ ಹಲಗಲಿಯವರು ತಿರುಗಿಬಿದ್ದು ಊರನ್ನೇ ಸುಡಿಸಿಕೊಂಡ ಕಥೆ ನನಗೆ ಬಾಯಿಪಾಠ. ಇವತ್ತಿನ ಕಾನೂನು ಮಾತ್ರ ಗೊತ್ತಿರಲಿಲ್ಲ. ಓದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಬೆಳೆ ಕಾಯಲೆಂದು ರೈತನಿಗೆ ಬಾಯಿಂದ ತುಂಬುವ ಬಂದೂಕಿನ ಲೈಸನ್ಸನ್ನು ಹೆಸರಿಸಿಯೇ ಹೇಳುತ್ತದೆ. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಬಯಲುಸೀಮೆಯ ನಾವು ಮೊದಲು ಲೈಸನ್ಸ್ ಪಡೆದು ಆಮೇಲೆ ಬಂದೂಕು ಕೊಳ್ಳಬೇಕು. ಲೈಸನ್ಸ್ ಸಿಕ್ಕಿತೆಂದು ಪ್ರಾಣಿ ಕೊಲ್ಲುವಂತೆಯೂ ಇಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ. ‘ನನಗ ಸಪ್ಪಳ ಸಾಕವ್ವಾ, ಹೆಣ ಬ್ಯಾಡ’ ಎಂದರು ವೈನಿ.

ಕೊಳ್ಳದಿದ್ದರೂ ನೋಡಿ ಬರೋಣವೆಂದು ಇಬ್ಬರೂ ಕಲಬುರಗಿಗೆ ಹೋದೆವು. ಅಂಗಡಿಯ ಯಜಮಾನರು ವಯಸ್ಸಾದವರು. ಸೆರಗು ಹೊದ್ದ ಇಬ್ಬರು ಹೆಂಗಸರನ್ನು ಕಂಡು ನಗಲಿಲ್ಲ, ಸ್ಟೂಲು ಹಾಕಿ ಕೂಡಿಸಿದರು. ಮೇಜಿನ ಮೇಲೆ ಎರಡು ಬಂದೂಕುಗಳಿದ್ದವು. ಒಂದು ಮಿರಮಿರ ಮಿಂಚುತ್ತಿತ್ತು, ಇನ್ನೊಂದು ಮಂಕು ಮೋರೆಯದು. ನಾನು ಅಭ್ಯಾಸಬಲದಿಂದ ಮಿಂಚುವುದನ್ನು ತೋರಿಸಿದೆ.

‘ಅದು ದುರಸ್ತಿಗಿ ಬಂದದ್ದು ಮೇಡಂ, ಮಾರಾಕಲ್ಲ’ ಎಂದು ಅವರು ಅದರ ಕುದುರೆಯನ್ನು ಅರ್ಧ ಎತ್ತಿ ಬಿಟ್ಟರು. ಸುತ್ತಿಗೆಯಂಥ ಆ ಕುದುರೆ ನಿಲ್ಲದೆ ಜಾರಿ ಕೆಳಗೆ ಬಡಿಯಿತು. ‘ಅರ್ಧಕ್ಕ ಎತ್ತಿದ್ದು ಅರ್ಧಕ್ಕೇ ನಿಂದ್ರಬೇಕು. ಜಾರೋದು ಎಷ್ಟು ಸಸ್ತಾ ಸಿಕ್ಕರೂ ತುಟ್ಟಿ.’

ಮಂಕು ಮೋರೆಯ ಬಂದೂಕನ್ನು ತೆಗೆದುಕೊಂಡು ಪಾಠವನ್ನೇ ಮಾಡಿದರು. ಕಟ್ಟಿಗೆಯ ಹಿಡಿಕೆಯ ಸಣ್ಣ ನಡುವಿನಲ್ಲಿ ಬಿರುಕು ಇರಬಾರದು. ನಳಿಗೆಯ ಒಳಗೆ ತುಕ್ಕಿನ ಗುಳಿ ಇರಬಾರದು. ರೈಫಲ್ಲಿನ ನಳಿಗೆಯೊಳಗೆ ತಿರುವು ಗೀರುಗಳಿರುತ್ತವೆ; ಬೆಳೆ ಕಾಯುವ ಬಂದೂಕಿನ ನಳಿಗೆ ಒಳಗೆ ನುಣುಪು. ತುಂಬುವ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳದು. ಅದರ ಬೂದಿ ಹವೆಯ ತೇವ ಹೀರಿ ಕಬ್ಬಿಣವನ್ನು ತಿನ್ನುವುದರಿಂದ ಹಾರಿಸಿದ ಮೇಲೆ ಬಿಸಿನೀರಿನಿಂದ ತೊಳೆದು, ಒರೆಸಿ, ಎಣ್ಣೆ ಸವರಬೇಕು. ‘ಹಾಲಿನ ಗಡಿಗಿ ಇದ್ದಂಗ’ ಎಂದರು ವೈನಿ. ಯಜಮಾನರಿಗೆ ಆ ಮಾತು ಬಹಳ ಹಿಡಿಸಿತು.

ಕೊನೆಗೆ ನಳಿಗೆಯ ಕೆಳಗಿದ್ದ ಉದ್ದನೆಯ ಕೋಲು ಎಳೆದರು. ಮದ್ದು ಕುಟ್ಟುವ ಅದಕ್ಕೆ ಗಜ ಎನ್ನುತ್ತಾರಂತೆ. ಗಜವೆಂದರೆ ಅರಿವೆಯಂಗಡಿಯ ಅಳತೆ ಎಂದಷ್ಟೇ ನಾನು ತಿಳಿದಿದ್ದೆ. ಅದನ್ನು ನಳಿಗೆಯ ಬಾಯಿಗೆ ಇಳಿಬಿಟ್ಟು, ಹೆಬ್ಬೆರಳಿನಿಂದ ಗುರುತು ಹಿಡಿದು ಹೊರತೆಗೆದು, ನಳಿಗೆಯ ಮಗ್ಗುಲಿಗೆ ಇಟ್ಟು ತೋರಿಸಿದರು.

‘ಹಳೇ ಬಂದೂಕ ಯಾರು ಕೊಟ್ಟರೂ ಮೊದಲು ಇದು ಮಾಡ್ರಿ. ಗಜ ತಳ ಮುಟ್ಟಲಿಲ್ಲಂದ್ರ ಒಳಗ ಮದ್ದು ಕುಂತದಂತ ತಿಳ್ಕೋರಿ. ಎಷ್ಟೋ ವರ್ಷದ್ದಿದ್ದರೂ ಹೊತ್ತತದ. ಹೊರಗಿಂದ ನೋಡಿದರ ಖಾಲಿದೂ ತುಂಬಿದ್ದೂ ಒಂದೇ ಕಾಣ್ತದ.’

ಆ ರಾತ್ರಿ ಊಟವಾದ ಮೇಲೆ ಅರ್ಜಿ ತುಂಬಲು ಕುಳಿತೆ. ಹೊಲ ಇರುವ ಊರು, ಸಾಗುವಳಿಯ ವಿಸ್ತೀರ್ಣ ಎಲ್ಲವನ್ನೂ ವೈನಿ ಪಟಪಟ ಹೇಳಿದರು. ಶಸ್ತ್ರವನ್ನೂ ಮದ್ದನ್ನೂ ಇಡಲು ಸುರಕ್ಷಿತ ಸ್ಥಳವಿದೆಯೇ ಎಂಬ ಕಾಲಂ ಬಂತು.

‘ಹೊಲದಾಗಿನ ಗುಡಸಲದಾಗ ಇಡೋದು. ರಾತ್ರಿ ಹುಡುಗ ಒಬ್ಬನೇ ಅಲ್ಲೇ ಇರ್ತಾನಲ್ಲ.’

ಪೆನ್ನು ನಿಂತಿತು. ಅಳಿಯ ಆಗಷ್ಟೇ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋಗಿದ್ದ. ಬೋರು ಕೊರೆಸಲು ಅವನ ಮಾತು ಕೇಳಿಯೇ ಸಾಲ ಮಾಡಿದ್ದರು, ನೀರು ಬಿದ್ದಿರಲಿಲ್ಲ. ಅವನು ಕೈತೊಳೆಯುವಾಗ ನೋಡಿದ್ದೆ, ಮಣಿಕಟ್ಟು ಬರಿದಾಗಿತ್ತು. ‘ಅಣ್ಣನ ಗಡಿಯಾರ ಎಲ್ಲಿ?’ ಎಂದು ಈಗ ವೈನಿಯನ್ನು ಕೇಳಿದೆ. ‘ಗೆಳ್ಯಾಗ ಕೊಟ್ಟಾನಂತ. ನನಗ್ಯಾಕ ಬೇಕಂದ’ ಎಂದರು. ಅಪ್ಪನ ಗಡಿಯಾರವನ್ನು ಒಂದು ದಿನವೂ ಬಿಚ್ಚದೆ ತಿರುಗುತ್ತಿದ್ದ ಹುಡುಗ. ಮೂವತ್ತು ವರ್ಷ ಹಿಂದಿನ ಬೆಂಚಿನ ಮಕ್ಕಳ ಮುಖ ಓದಿದವಳು ನಾನು. ಮನೆಯ ಮಗನ ಮುಖವನ್ನು ಓದಿರಲಿಲ್ಲ.

ಬ್ಯಾಟರಿ ಹಿಡಿದು ಹೊಲಕ್ಕೆ ಹೋದೆ. ಅವನು ಕತ್ತಲಲ್ಲೇ ಕುಳಿತಿದ್ದ. ಪಕ್ಕದಲ್ಲಿ ಕುಳಿತು ಎಷ್ಟೋ ಹೊತ್ತು ಅದೂ ಇದೂ ಮಾತಾಡಿದೆ. ಆಮೇಲೆ ಸುತ್ತು ಬಳಸದೆ ಕೇಳಿದೆ: ‘ಜೀವ ಬ್ಯಾಡ ಅನಸ್ತದೇನೋ?’

ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ‘ಬಂದೂಕ ಯಾವಾಗ ಬರ್ತದಂತ ದಿನಾ ಲೆಕ್ಕ ಹಾಕ್ತಿದ್ನಿ ಅತ್ತಿ’ ಎಂದ.

ನಾನು ಉಪದೇಶ ಮಾಡಲಿಲ್ಲ, ಬಾಯಿ ಬರಲಿಲ್ಲ. ಅವನ ಕೈ ಹಿಡಿದು ಬೆಳಗಿನವರೆಗೆ ಕುಳಿತೆ. ಆ ರಾತ್ರಿಯೂ ಹಂದಿಗಳು ಬಂದಿದ್ದವು. ಇಬ್ಬರೂ ಏಳಲಿಲ್ಲ.

ಬೆಳಿಗ್ಗೆ ವೈನಿಗೆ ಹೇಳಿದೆ. ಅವರು ಅಳಲಿಲ್ಲ. ಅರ್ಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಚಿದರು. ‘ಹಂದಿ ತಿಂದ್ರ ಶೇಂಗಾ ತಿಂತಾವು, ಅಷ್ಟೇ ಅಲ್ಲ’ ಎಂದರು. ಆಡು ಮಾರಿದ ರೊಕ್ಕ ಕಲಬುರಗಿಯ ಮಾನಸಿಕ ವೈದ್ಯರಿಗೂ ಬಸ್ಸಿನ ಚಾರ್ಜಿಗೂ ಹೋಯಿತು. ಮೊದಲ ತಿಂಗಳು ನಾವ್ಯಾರೂ ಅವನನ್ನು ಒಂಟಿಯಾಗಿ ಬಿಡಲಿಲ್ಲ. ಹೊಲ ಕಾಯುವುದನ್ನು ಅಕ್ಕಪಕ್ಕದ ಹೊಲದವರೊಂದಿಗೆ ಸರದಿ ಮಾಡಿಕೊಂಡರು. ಸಾಲದ ಬಗ್ಗೆ ಮಾತಾಡಲು ಬ್ಯಾಂಕಿಗೆ ನಾನೇ ಅವನ ಜೊತೆ ಹೋದೆ. ರಾತ್ರಿ ಹೊತ್ತು ಮಾತಾಡಲು ಯಾರೂ ಇಲ್ಲವೆನಿಸಿದರೆ 14416 ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆಯೆಂದು ನನಗೆ ತಿಳಿದದ್ದೂ ಆಗಲೇ. ನಿಮ್ಮ ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಬಂದೂಕು ಇಟ್ಟವರ ಮನೆಯೆಲ್ಲ ಹೀಗೇ ಎಂದು ನಾನು ಹೇಳುತ್ತಿಲ್ಲ. ಕಾಡಂಚಿನವರ ಕಷ್ಟ ಕಾಡಂಚಿನವರಿಗೇ ಗೊತ್ತು. ಆದರೆ ಸಸ್ತಾ ಯಾವುದು, ತುಟ್ಟಿ ಯಾವುದು ಎಂದು ಲೆಕ್ಕ ಹಾಕುವಾಗ ನಾವು ಹೆಂಗಸರು ಅಂಗಡಿಯ ಚೀಟಿಯನ್ನಷ್ಟೇ ನೋಡಿದರೆ ಸಾಲದು. ಆ ಸಾಮಾನು ಇರುವ ಸೂರಿನ ಕೆಳಗೆ ಯಾರು ಮಲಗುತ್ತಾರೆ, ಅವರಿಗೆ ನಿದ್ದೆ ಬರುತ್ತಿದೆಯೇ ಎಂಬುದನ್ನೂ ನೋಡಬೇಕು.

ಈಗ ಇಜೇರಿಯ ಆ ಹೊಲದ ಸುತ್ತ ನಮ್ಮ ಬಳಗದ ಹಳೆಯ ಸೀರೆಗಳನ್ನು ಕಟ್ಟಿದ್ದೇವೆ. ನಾನು ಆರಿಸಿದ ಇಳಕಲ್ಲುಗಳೂ ಅದರಲ್ಲಿವೆ. ಮೊದಲ ವರ್ಷ ಹಂದಿಗಳು ಹೆದರಿದವು, ಎರಡನೆಯ ವರ್ಷ ಕೆಲವು ಧೈರ್ಯ ಮಾಡಿ ಒಳಬಂದವು. ಮೊನ್ನೆ ಹೋದಾಗ ಅಳಿಯ ಹರಿದ ಸೆರಗೊಂದನ್ನು ಗೂಟಕ್ಕೆ ಬಿಗಿಯುತ್ತ, ‘ಅತ್ತಿ, ಈ ಬಣ್ಣ ಹಂದಿಗಿ ಬಾಳ ಪಸಂದ ಬಂದಂಗದ, ಬ್ಯಾರೇದು ಕಳಸು’ ಎಂದ. ಅವನ ಮಣಿಕಟ್ಟಿನ ಮೇಲೆ ಅಣ್ಣನ ಗಡಿಯಾರವಿತ್ತು. ಐದು ನಿಮಿಷ ಹಿಂದಿತ್ತು. ನಾನು ಸರಿಮಾಡಲು ಹೇಳಲಿಲ್ಲ.