ಯಾವ ಚೈನ್ ಸಾ ತಗೊಳ್ಳೋದು?

ಮಳೆಗಾಲ ಮುಗಿಯೋ ಹೊತ್ತಿಗೆ ನಮ್ಮ ಕಾಲೇಜಿನ ಹಿಂದಿನ ಗುಡ್ಡದ ಕಾಲುದಾರಿಗೆ ನಾಲ್ಕೈದು ಅಕೇಶಿಯಾ ಮರಗಳಾದರೂ ಅಡ್ಡ ಬಿದ್ದಿರುತ್ತವೆ. ನಮಗದು ಭಾನುವಾರದ ಟ್ರೆಕ್ಕಿನ ದಾರಿ, ಆಚೆ ಊರಿನ ಮಕ್ಕಳಿಗೆ ಶಾಲೆಗೆ ಹೋಗೋ ದಾರಿ. ಜಾಗದವರ ಒಪ್ಪಿಗೆ ತಗೊಂಡು, ಕತ್ತಿ-ಕೈಗರಗಸ ಹಿಡಿದು ದಾರಿ ಬಿಡಿಸೋದು ನಮ್ಮ ಟ್ರೆಕ್ಕಿಂಗ್ ಗುಂಪಿನ ಕೆಲಸ. ಅರಣ್ಯದ ಜಾಗವಾದರೆ ಇಲಾಖೆಯ ಅನುಮತಿಯಿಲ್ಲದೆ ಬಿದ್ದ ಮರವನ್ನೂ ಮುಟ್ಟೋ ಹಾಗಿಲ್ಲ. ಈ ಸಲ ಚಂದಾ ಎತ್ತಿ ಚೈನ್ ಸಾ ತಗೊಳ್ಳೋಣ ಅಂತಾಯ್ತು. ಜಗಳ ಶುರುವಾಗಿದ್ದೇ ಆಗ.

ಮೆಕ್ಯಾನಿಕಲ್‌ನವರಿಗೆ 58 ಸಿಸಿ, 22 ಇಂಚಿನ ಬಾರ್ ಬೇಕು. ಸರಿ ಅಂತ ಟೇಪ್ ಹಿಡಿದು ಹೋಗಿ ಬಿದ್ದ ಮರಗಳನ್ನೇ ಅಳೆದೆವು. ಒಂದನ್ನೂ ಬಿಡದೆ ಎಲ್ಲವೂ ಒಂದಡಿ ದಪ್ಪದ ಒಳಗೆ. ಅದಕ್ಕೆ 16 ಇಂಚು ಧಾರಾಳ. ಮೇಲಾಗಿ ಮಷಿನ್ನು, ಪೆಟ್ರೋಲು, ಚೈನ್ ಎಣ್ಣೆ ಎಲ್ಲಾ ಹೊತ್ಕೊಂಡು ಗುಡ್ಡ ಹತ್ತೋರು ನಾವೇ ತಾನೆ?

ಎಲೆಕ್ಟ್ರಿಕಲ್‌ನವರು ಬ್ಯಾಟರಿ ಅಂದರು. 36 ವೋಲ್ಟ್, 5 ಆಂಪಿಯರ್-ಅವರ್ ಅಂದ್ರೆ 180 ವಾಟ್-ಅವರ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಕಿಲೋವಾಟ್-ಅವರ್ ಶಕ್ತಿ. ಎಂಜಿನ್ ಅದರಲ್ಲಿ ಐದನೇ ಒಂದು ಭಾಗ ಕೆಲಸಕ್ಕೆ ಕೊಟ್ಟರೂ ಹತ್ತು ಬ್ಯಾಟರಿಗೆ ಸಮ. ಆದರೆ ನಮ್ಮ ಹದಿನೈದಿಪ್ಪತ್ತು ಕಟ್‌ಗಳಿಗೆ ಅಷ್ಟೆಲ್ಲಾ ಬೇಕಾ? ಬ್ಯಾಟರಿಯದು ಸದ್ದೂ ಕಮ್ಮಿ, ಪಕ್ಕದವರು ಕೂಗಿದ್ದು ಕೇಳಿಸುತ್ತೆ. ಲೆಕ್ಕದಿಂದ ಇದು ಬಗೆಹರಿಯಲಿಲ್ಲ.

ಬಗೆಹರಿಸಿದ್ದು ಊರಲ್ಲಿ ಮರ ಕೊಯ್ಯೋ ಅಣ್ಣ. ನಾವ್ಯಾರೂ ಚೈನ್ ಸಾ ಹಿಡಿದವರಲ್ಲ, ಕಲಿಸೋರು ಅವರೇ, ಅವರ ಕೈಗೆ ಪಳಗಿದ್ದು ಪೆಟ್ರೋಲ್ ಮಷಿನ್ನು. "ಮಷಿನ್ ದೊಡ್ಡದಾದ್ರೆ ಮರ ತುಂಡಾಗಲ್ಲ ತಮ್ಮಾ, ಚೈನ್ ಹರಿತ ಇದ್ರೆ ಆಗ್ತದೆ" ಅಂದರು. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಷಿನ್ನು ಹಿಂದಕ್ಕೆ ಮುಖದ ಕಡೆಗೇ ಚಿಮ್ಮುತ್ತೆ, ಹಾಗಾಗಿ ಚೈನ್ ಬ್ರೇಕ್ ಇಲ್ಲದ್ದು ಬೇಡವೇ ಬೇಡ ಅಂತಲೂ ಹೇಳಿದರು.

ಆಮೇಲೆ ಒಂದು ಕಡ್ಡಿ ತಗೊಂಡು ನೆಲದ ಮೇಲೆ ಅವರು ಬರೆದು ತೋರಿಸಿದ್ದು ನಮ್ಮ ಎಸ್‌ಓಎಂ ಪಾಠ! ಎರಡೂ ತುದಿ ಆಧಾರದ ಮೇಲಿದ್ದು ನಡು ಜಗ್ಗಿದ ಮರಕ್ಕೆ ಮೇಲ್ಗಡೆ ಕಂಪ್ರೆಶನ್, ಕೆಳಗಡೆ ಟೆನ್ಶನ್. ಪೂರ್ತಿ ಮೇಲಿಂದಲೇ ಕೊಯ್ದರೆ ಬಾರ್ ಸಿಕ್ಕಿಹಾಕಿಕೊಳ್ಳುತ್ತೆ. ಮೇಲಿಂದ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿಂದ ಬಿಡಿಸಬೇಕು. ಒಂದೇ ತುದಿ ಆಧಾರದಲ್ಲಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಇದು ತಿರುವುಮುರುವು. ಪರೀಕ್ಷೆಯಲ್ಲಿ ಇದನ್ನು ಉಲ್ಟಾ ಬರೆದರೆ ಮಾರ್ಕ್ಸ್ ಹೋಗುತ್ತೆ, ಇಲ್ಲಿ ಕಾಲೇ ಹೋಗಬಹುದು.

ಕೊನೆಗೆ ತಗೊಂಡಿದ್ದು 16 ಇಂಚಿನ ಚಿಕ್ಕ ಪೆಟ್ರೋಲ್ ಮಷಿನ್ನು. ಉಳಿದ ದುಡ್ಡೆಲ್ಲ ಹೆಲ್ಮೆಟ್ಟು, ಕಿವಿಗೆ ಮಫ್, ಚೈನ್ ತಾಗದಂತೆ ಕಾಲಿಗೆ ಕಟ್ಟೋ ಗಾರ್ಡ್‌ಗೆ ಹೋಯ್ತು. "ಅಷ್ಟಕ್ಕೆ ದೊಡ್ಡ ಮಷಿನ್ನೇ ಬರ್ತಿತ್ತಲ್ರೋ" ಅಂತ ಈಗಲೂ ಗೊಣಗೋರಿದ್ದಾರೆ. ಗೊಣಗಲಿ. ಜೂನಿಯರ್ಸ್, ನೀವೂ ಬನ್ನಿ. ಆದರೆ ಮೊದಲ ತಿಂಗಳು ಕೈಗೆ ಕೊಡೋದು ಮಷಿನ್ನಲ್ಲ, ಚೈನ್ ಹರಿತ ಮಾಡೋ ಅರ.