ಬೆರಳಿಗೆ ತಕ್ಕ ಗೋಡೆ

ಮನೇಲಿ ಕ್ಲೈಂಬಿಂಗ್ ಗೋಡೆ ಕಟ್ಟೋರು ಮೊದಲು ಕೇಳೋದು, ಎಷ್ಟು ಹೋಲ್ಡ್ ಬೇಕು ಅಂತ. ನಾನು ಮೊದಲು ನೋಡಿದ್ದು ನನ್ನ ಬೆರಳುಗಳನ್ನ. ಹಗಲೆಲ್ಲ ಕೀಬೋರ್ಡ್ ಕುಟ್ಟಿ ಅನ್ನ ದುಡಿಯೋವು ಇವೇ. ಇವಕ್ಕೆ ಪೆಟ್ಟಾದ್ರೆ ಹಂಪಿಯ ಬಂಡೆಯೂ ಇಲ್ಲ, ಆಫೀಸಿನ ಕೆಲಸವೂ ಇಲ್ಲ.

ಕಲ್ಮಲದ ಮನೆ ಹಿಂದೆ, ಎತ್ತು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆ ಇತ್ತು. 8 ಅಡಿಯ ಹಲಗೆಯನ್ನ 30 ಡಿಗ್ರಿ ಮುಂದಕ್ಕೆ ಬಾಗಿಸಿದ್ರೆ ಎತ್ತರ ಸುಮಾರು 7 ಅಡಿ, ಮುಂಚಾಚು 4 ಅಡಿ. ಸೂರಿಗೆ ತಾಗಲ್ಲ. ಮೂನ್‌ಬೋರ್ಡ್‌ನ 40 ಡಿಗ್ರಿ ವಾರಕ್ಕೊಮ್ಮೆ ಬಂಡೆ ಹತ್ತೋ ನನಗೆ ಜಾಸ್ತಿ. 18 ಮಿ.ಮೀ. ಪ್ಲೈವುಡ್‌ಗೆ 20 ಸೆಂ.ಮೀ.ಗೊಂದು ತೂತು, ಹಿಂದೆ ಟಿ-ನಟ್. ಬೇಸರವಾದ್ರೆ ಹೋಲ್ಡ್ ಜಾಗ ಬದಲಿಸಬಹುದು.

ಕೈಗೆ ಮರದ ಹೋಲ್ಡ್, ಅಂಚು ದುಂಡಗೆ ಉಜ್ಜಿದ್ದು. ಒರಟು ಪ್ಲಾಸ್ಟಿಕ್ಕಿನಷ್ಟು ಚರ್ಮ ಕೀಳಲ್ಲ; ಆ ಚರ್ಮ ಹಂಪಿಯ ಗ್ರಾನೈಟಿಗೆ ಬೇಕು. ಎರಡೇ ಬೆರಳು ಹಿಡಿಸುವ ಕುಳಿಗಳನ್ನ ಕೈಬಿಟ್ಟೆ. ಸ್ನಾಯುರಜ್ಜನ್ನ ಎಲುಬಿಗೆ ಬಿಗಿಹಿಡಿಯೋ ಪುಲ್ಲಿ ಹರಿದ್ರೆ ವಾರಗಟ್ಟಲೆ ಕೂರಬೇಕು. ಕಾಲಿಗೆ ಮಾತ್ರ ಸಣ್ಣ ಚೂರುಗಳು; ಕಾಲು ಕಲಿತಷ್ಟು ಬೆರಳಿನ ಭಾರ ಇಳಿಯುತ್ತೆ.

ಎಡಕ್ಕಿರೋದೇ ಬಲಕ್ಕೂ, ಕನ್ನಡಿ ಹಿಡಿದಂಗೆ. ಬಲಗೈಯಲ್ಲಿ ಹತ್ತಿದ್ದನ್ನ ಎಡಗೈಯಲ್ಲೂ ಹತ್ತಬೇಕು. ಎಡಗೈ ಸೋಮಾರಿತನ ಎರಡೇ ದಿನಕ್ಕೆ ಬಯಲಾಯ್ತು.

"ರಾಯಚೂರು ಸುತ್ತ ಗುಡ್ಡಾನ ಅದಾವ, ದನದ ಮನ್ಯಾಗ ಇದ್ಯಾತಕಪ್ಪ?" ಅಂದ್ಳು ಅವ್ವ.

ಗುಡ್ಡದಾಗ ಸಿಕ್ಕಿದ್ದನ್ನ ಹಿಡೀಬೇಕವ್ವಾ. ಇಲ್ಲಿ, ಸೋಮವಾರ ಕೆಲಸಕ್ಕೆ ಕೂರೋ ಬೆರಳು ಎಷ್ಟು ಭಾರ ಹೊರಬೇಕು ಅನ್ನೋದನ್ನ ನಾನೇ ಗೊತ್ತು ಮಾಡ್ತೀನಿ.